ಸಿಹಿ ಸ್ಟೌಟ್‌ಗೆ ಏನು ಹಾಕಬೇಕು, ಏನು ಬಿಡಬೇಕು: ಒಂದು ಸಾಮಾನು ಪಟ್ಟಿಯ ಪ್ರಕರಣ

ಹಾಸನದ ಕಡೆಯ ಗೆಳೆಯರೊಬ್ಬರು ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನಲ್ಲಿದ್ದಾರೆ. ಮನೆಯಲ್ಲೇ ಬಿಯರ್ ಮಾಡುವುದು ಅವರ ಹವ್ಯಾಸ. ಗೋಧಿ ಬಿಯರ್, ಪೇಲ್ ಏಲ್ ಎಲ್ಲ ಚೆನ್ನಾಗಿಯೇ ಬರುತ್ತವೆ. ಹುರಿದ ಕಾಳಿನಿಂದ ಕಪ್ಪಗಾಗುವ ಬಿಯರ್ ಸ್ಟೌಟ್ ಮಾತ್ರ ಮಾಡಿದಾಗಲೆಲ್ಲ ಸೀದ ಕಾಫಿಯ ಹಾಗೆ ಕಹಿ, ಒಗರು. ಈ ಸಲ ಸಿಹಿ ಸ್ಟೌಟ್ ಮಾಡೋಣ ಅಂತ ಹೊರಟು, ಅಂಗಡಿಗೆ ಹೋಗುವ ಮುಂಚೆ ಪಟ್ಟಿಯನ್ನು ನನಗೆ ಕಳಿಸಿದರು. ಲೆಕ್ಕ 19 ಲೀಟರಿಗೆ, ಅಂದರೆ ಅಲ್ಲಿನವರು ಹೇಳುವ 5 ಗ್ಯಾಲನ್‌ಗೆ.

ಅವರ ಪಟ್ಟಿ ಇಷ್ಟು. ಸಾದಾ ಪೇಲ್ ಮಾಲ್ಟ್ (ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 3.4 ಕೆಜಿ. ಹುರಿದ ಬಾರ್ಲಿ 450 ಗ್ರಾಂ. ಬ್ಲ್ಯಾಕ್ ಪೇಟೆಂಟ್ ಮಾಲ್ಟ್ 225 ಗ್ರಾಂ. ಗಾಢ ಬಣ್ಣದ ಕ್ರಿಸ್ಟಲ್ ಮಾಲ್ಟ್, ಅಂದರೆ 120ರ ನಂಬರಿನದು (ನಂಬರು ಏರಿದಷ್ಟೂ ಬಣ್ಣ ಗಾಢ), 450 ಗ್ರಾಂ. ಬೆಲ್ಲ 450 ಗ್ರಾಂ. ಲ್ಯಾಕ್ಟೋಸ್, ಅಂದರೆ ಹಾಲಿನ ಸಕ್ಕರೆ, 225 ಗ್ರಾಂ. ಬಿಯರ್‌ಗೆ ಕಹಿ ಕೊಡುವ ಹೂವು ಹಾಪ್ಸ್, ಮ್ಯಾಗ್ನಮ್ ತಳಿಯದು, 40 ಐಬಿಯು (ಕಹಿಯ ಅಳತೆ) ಬರುವಷ್ಟು. ಸಕ್ಕರೆ ತಿಂದು ಆಲ್ಕೋಹಾಲ್ ಮಾಡುವ ಯೀಸ್ಟ್, ಯುಎಸ್-05 ಅನ್ನುವ ಬಗೆಯದು. ಕೊನೆಗೆ ಊರಿಂದ ತರಿಸಿದ ಚಿಕೋರಿ ಬೆರೆತ ಫಿಲ್ಟರ್ ಕಾಫಿ ಪುಡಿ, ಒಂದು ಹಿಡಿ. ಪಕ್ಕದಲ್ಲಿ ಒಂದು ಸಾಲು: "ಬೆಲ್ಲಾನೂ ಇದೆ, ಲ್ಯಾಕ್ಟೋಸೂ ಇದೆ, ಈ ಸಲ ಸಿಹಿ ಆಗೇ ಆಗುತ್ತೆ ಅಲ್ವಾ?"

ಆಗುವುದಿಲ್ಲ. ಲೆಕ್ಕ ಹಾಕಿ ನೋಡಿದರೆ ಇದು ಸುಮಾರು 1.060 ಗ್ರ್ಯಾವಿಟಿಯಲ್ಲಿ ಶುರುವಾಗಿ 1.014ರ ಹತ್ತಿರ ನಿಲ್ಲುತ್ತದೆ. ಗ್ರ್ಯಾವಿಟಿ ಅಂದರೆ ನೀರನ್ನು 1.000 ಅಂತ ಇಟ್ಟುಕೊಂಡು ಅಳೆದ ಸಾಂದ್ರತೆ; ಯೀಸ್ಟ್ ಸಕ್ಕರೆ ತಿಂದಷ್ಟೂ ಅದು ಇಳಿಯುತ್ತದೆ. 6%ರ ಆಸುಪಾಸಿನ, ಕಪ್ಪನೆಯ, ಖಡಕ್ ಬಿಯರ್. ಕೆಟ್ಟದ್ದೇನಲ್ಲ, ಆದರೆ ಅವರಿಗೆ ಬೇಕಾಗಿದ್ದು ಅದಲ್ಲ. ಸಿಹಿ ಸ್ಟೌಟ್‌ನಲ್ಲಿ ಸಿಹಿ ಸೇರಿಸುವ ಕೆಲಸ ಚಿಕ್ಕದು. ಸಿಹಿಯನ್ನು ಮುಚ್ಚಿಹಾಕುವ ಸಾಮಾನನ್ನು ಪಟ್ಟಿಯಿಂದ ಹೊರಗಿಡುವ ಕೆಲಸವೇ ದೊಡ್ಡದು. ಈ ಪಟ್ಟಿ ಹೇಗೆ ಬದಲಾಯಿತು, ಯಾಕೆ ಬದಲಾಯಿತು ಅನ್ನುವುದೇ ಇಲ್ಲಿನ ವಿಷಯ.

ಅದಕ್ಕೂ ಮುಂಚೆ ಕಾನೂನಿನ ಮಾತು. ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡಲು ಒಪ್ಪಿಗೆ ಕೊಟ್ಟ ಮಸೂದೆಗೆ ಅಧ್ಯಕ್ಷ ಜಿಮ್ಮಿ ಕಾರ್ಟರ್ 1978ರಲ್ಲಿ ಸಹಿ ಹಾಕಿದರು. ಒಬ್ಬರೇ ವಯಸ್ಕರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ವಯಸ್ಕರಿದ್ದರೆ 200 ಗ್ಯಾಲನ್. ಮಾರುವ ಹಾಗಿಲ್ಲ. ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು 1965ರ ಅಬಕಾರಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಊರಲ್ಲಿರುವವರು ಇದನ್ನು ಓದಿ ತಿಳಿದುಕೊಳ್ಳಿ, ಮಾಡಲು ಹೋಗಬೇಡಿ.

ಸಿಹಿ ಸ್ಟೌಟ್‌ಗೆ ಮಿಲ್ಕ್ ಸ್ಟೌಟ್ ಅಂತಲೂ ಹೆಸರಿದೆ. ಇದರ ತವರು ಇಂಗ್ಲೆಂಡ್. ಕೆಂಟ್ ಜಿಲ್ಲೆಯ ಹೈತ್ ಊರಿನ ಮ್ಯಾಕೆಸನ್ ಬ್ರೂವರಿ 20ನೇ ಶತಮಾನದ ಮೊದಲ ದಶಕದಲ್ಲಿ ಇದನ್ನು ಪ್ರಸಿದ್ಧಿಗೆ ತಂದಿತು. ಹಾಲಿನ ಸಕ್ಕರೆ ಇರುವುದರಿಂದ ಇದು ಮೈಗೆ ಪುಷ್ಟಿ ಅಂತ ಆಗ ಮಾರುತ್ತಿದ್ದರು. ಬಾಣಂತಿಯರಿಗೂ ಕುಡಿಸುತ್ತಿದ್ದರು, ಅದು ಈಗ ಯಾರೂ ಒಪ್ಪುವ ಮಾತಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್‌ನಲ್ಲಿ ಲೇಬಲ್ ಮೇಲಿಂದ ಹಾಲಿನ ಹೆಸರು ತೆಗೆಸಿದರು. ಬಾಟಲಿ ಮೇಲಿನ ಹಾಲಿನ ಕ್ಯಾನ್ ಚಿತ್ರ ಮಾತ್ರ ಉಳಿಯಿತು. ಅಮೆರಿಕದ ಬಿಯರ್ ತೀರ್ಪುಗಾರರ ಸಂಸ್ಥೆ ಬಿಜೆಸಿಪಿ ಈ ಶೈಲಿಗೆ ಕೊಟ್ಟಿರುವ ಅಳತೆ ಹೀಗಿದೆ: ಶುರುವಿನ ಗ್ರ್ಯಾವಿಟಿ 1.044ರಿಂದ 1.060, ಕೊನೆಯದು 1.012ರಿಂದ 1.024, ಕಹಿ 20ರಿಂದ 40 ಐಬಿಯು, ಆಲ್ಕೋಹಾಲ್ 4ರಿಂದ 6%. ಗೆಳೆಯರ ಪಟ್ಟಿ ಈ ಗೆರೆಗಳ ಒಳಗೇ ಇತ್ತು. ನಂಬರು ಸರಿ ಇದ್ದ ಮಾತ್ರಕ್ಕೆ ಬಾಯಿಗೆ ಸರಿ ಬರುತ್ತದೆ ಅಂತೇನಿಲ್ಲ.

ಮೊದಲು ಬೆಲ್ಲ. ಕನ್ನಡಿಗರ ಕೈ ತಾನಾಗಿ ಅದರ ಕಡೆ ಹೋಗುತ್ತದೆ. ಬೆಲ್ಲದಲ್ಲಿರುವುದು ಬಹುಪಾಲು ಸುಕ್ರೋಸ್, ಜೊತೆಗೆ ಸ್ವಲ್ಪ ಗ್ಲುಕೋಸ್ ಮತ್ತು ಫ್ರಕ್ಟೋಸ್. ಮೂರನ್ನೂ ಯೀಸ್ಟ್ ಪೂರ್ತಿ ತಿಂದು ಮುಗಿಸುತ್ತದೆ. ಉಳಿಯುವುದು ಆಲ್ಕೋಹಾಲ್ ಮತ್ತು ಬೆಲ್ಲದ ಒಂದು ಸಣ್ಣ ಘಮ. ಸಿಹಿ ಉಳಿಯುವುದಿಲ್ಲ. ಆಲ್ಕೋಹಾಲ್ ಏರಿದ್ದರಿಂದ ಬಿಯರ್ ಇನ್ನೂ ತೆಳುವಾಗಿ, ಒಣಗಿದ ಹಾಗೆ ಅನ್ನಿಸುತ್ತದೆ. 450 ಗ್ರಾಂ ಬೆಲ್ಲ 19 ಲೀಟರಿಗೆ ಸುಮಾರು 1% ಆಲ್ಕೋಹಾಲ್ ಕೊಡುತ್ತದೆ, ಅಷ್ಟೇ. ಬಾಟಲಿಗೆ ತುಂಬುವ ಹೊತ್ತಿಗೆ ಸಿಹಿಗೆ ಅಂತ ಬೆಲ್ಲ ಬೆರೆಸುವವರೂ ಇದ್ದಾರೆ. ಅದು ಅಪಾಯ. ಬಾಟಲಿಯೊಳಗೆ ಯೀಸ್ಟ್ ಇನ್ನೂ ಜೀವಂತವಾಗಿರುತ್ತದೆ. ಬೆಲ್ಲ ತಿಂದು ಗ್ಯಾಸ್ ಮಾಡುತ್ತದೆ, ಗಾಜು ಸಿಡಿಯುತ್ತದೆ. ಬೆಲ್ಲ ಪಟ್ಟಿಯಿಂದ ಹೊರಗೆ ಹೋಯಿತು.

ಲ್ಯಾಕ್ಟೋಸ್ ಕಥೆಯೇ ಬೇರೆ. ಅದು ಹಾಲಿನ ಸಕ್ಕರೆ, ಗ್ಲುಕೋಸ್ ಮತ್ತು ಗ್ಯಾಲಕ್ಟೋಸ್ ಕೂಡಿದ್ದು. ಬಿಯರ್ ಯೀಸ್ಟ್ ಹತ್ತಿರ ಇದನ್ನು ಒಡೆಯುವ ಕಿಣ್ವ ಇಲ್ಲ. ಹಾಕಿದ್ದು ಹಾಕಿದ ಹಾಗೇ ಉಳಿಯುತ್ತದೆ. ಆದರೆ ಒಂದು ವಿಷಯ ಪಾಕವಿಧಾನ ಬರೆಯುವವರು ಗಟ್ಟಿಯಾಗಿ ಹೇಳುವುದಿಲ್ಲ. ಲ್ಯಾಕ್ಟೋಸ್‌ನ ಸಿಹಿ ಮಾಮೂಲಿ ಸಕ್ಕರೆಯ ಆರನೇ ಒಂದು ಭಾಗ, ತುಂಬಾ ಅಂದರೆ ಐದನೇ ಒಂದು ಭಾಗ. ಅದು ಕೊಡುವುದು ಮುಖ್ಯವಾಗಿ ಮೈ, ಅಂದರೆ ಬಾಯಿ ತುಂಬುವ ಗುಣ. ಸಿಹಿ ಅದರ ಹಿಂದೆ ಮೆಲ್ಲಗೆ ಬರುತ್ತದೆ.

ಇದನ್ನು ಬಾಯಲ್ಲಿ ಹೇಳಿದರೆ ಗೆಳೆಯರು ನಂಬಲಿಲ್ಲ. ಸರಿ, ಅಡುಗೆಮನೆ ಮೇಜಿನ ಮೇಲೇ ಪರೀಕ್ಷೆ ಆಯಿತು. ಒಂದು ಪೊಟ್ಟಣ ಲ್ಯಾಕ್ಟೋಸ್, ಗಿನ್ನೆಸ್ ಡ್ರಾಟ್ ಕ್ಯಾನ್, ಗ್ರಾಂ ತೂಗುವ ತಕ್ಕಡಿ, ನಾಲ್ಕು ಲೋಟ. ಪ್ರತಿ ಲೋಟಕ್ಕೆ 100 ಮಿಲಿ ಬಿಯರ್. ಒಂದಕ್ಕೆ ಏನೂ ಇಲ್ಲ. ಉಳಿದ ಮೂರಕ್ಕೆ 1.5, 2.5 ಮತ್ತು 4 ಗ್ರಾಂ ಲ್ಯಾಕ್ಟೋಸ್. ಪುಡಿಯನ್ನು ನೇರವಾಗಿ ಹಾಕಿದರೆ ನೊರೆ ಉಕ್ಕಿ ಮೇಜಿಗೆಲ್ಲ ಸುರಿಯುತ್ತದೆ. ಅದಕ್ಕೇ ಒಂದೊಂದನ್ನೂ ಎರಡು ಚಮಚ ಬಿಸಿನೀರಲ್ಲಿ ಕರಗಿಸಿ, ತಣ್ಣಗಾದ ಮೇಲೆ ಲೋಟದ ಅಂಚಿನಿಂದ ಇಳಿಸಿ, ನಿಧಾನಕ್ಕೆ ತಿರುವಿದ್ದು. ಏನೂ ಹಾಕದ ಲೋಟಕ್ಕೂ ಎರಡು ಚಮಚ ಬರೀ ನೀರು, ಹೋಲಿಕೆ ನ್ಯಾಯವಾಗಿರಲಿ ಅಂತ.

1.5 ಗ್ರಾಂ ಲೋಟಕ್ಕೂ ಸಾದಾ ಲೋಟಕ್ಕೂ ಇದ್ದ ವ್ಯತ್ಯಾಸ ಕಣ್ಣುಮುಚ್ಚಿ ಕುಡಿದಾಗ ಸಿಗಲಿಲ್ಲ. 2.5ರಲ್ಲಿ ಬಿಯರ್ ದಪ್ಪ ಆದ ಹಾಗೆ ಅನ್ನಿಸಿತು, ನಾಲಿಗೆ ಮೇಲೆ ಸ್ವಲ್ಪ ಹೆಚ್ಚು ಹೊತ್ತು ನಿಂತಿತು. 4ರಲ್ಲಿ ಸಿಹಿ ಖಂಡಿತ ಗೊತ್ತಾಯಿತು. ಆದರೆ ನುಂಗಿದ ಮೇಲೆ ಹಿಂದಿನಿಂದ ಹುರಿದ ಬಾರ್ಲಿಯ ಒಗರು ಅಷ್ಟೇ ಜೋರಾಗಿ ಬಂತು. ಸಿಹಿ ಬಂದಿತ್ತು, ಕಹಿ ಎಲ್ಲೂ ಹೋಗಿರಲಿಲ್ಲ. ಎರಡೂ ಬೇರೆ ಬೇರೆ ನಿಂತು ಜಗಳ ಆಡುತ್ತಿದ್ದವು. 19 ಲೀಟರಿನ ಲೆಕ್ಕಕ್ಕೆ ತಂದರೆ 1.5 ಗ್ರಾಂ ಅಂದರೆ 285 ಗ್ರಾಂ, 4 ಗ್ರಾಂ ಅಂದರೆ 760 ಗ್ರಾಂ. ಗೆಳೆಯರ ಪಟ್ಟಿಯಲ್ಲಿದ್ದದ್ದು 225. ಅಷ್ಟೊಂದು ಹುರಿದ ಕಾಳು, 40 ಐಬಿಯು ಹಾಪ್ಸ್ ಎದುರು ಕಾಲು ಕೆಜಿಯೂ ಇಲ್ಲದ ಲ್ಯಾಕ್ಟೋಸ್ ಹಾಕುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಹಾಗಂತ ಲ್ಯಾಕ್ಟೋಸ್ ಹೆಚ್ಚಿಸುತ್ತಾ ಹೋಗುವುದೂ ದಾರಿಯಲ್ಲ. 700, 800 ಗ್ರಾಂ ದಾಟಿದರೆ ಬಿಯರ್ ಅಂಟಂಟಾಗುತ್ತದೆ, ಒಂದು ಲೋಟ ಕುಡಿದವರು ಎರಡನೆಯದು ಕೇಳುವುದಿಲ್ಲ. ಹಾಗಾದರೆ ಎದುರಾಳಿಯನ್ನೇ ಸಣ್ಣದು ಮಾಡಬೇಕು. ಇಲ್ಲಿಂದ ಚರ್ಚೆ ಕಪ್ಪು ಕಾಳುಗಳ ಕಡೆ ತಿರುಗಿತು.

ಅವರ ಪಟ್ಟಿಯಲ್ಲಿ ಹುರಿದ ಕಾಳು ಒಟ್ಟು 675 ಗ್ರಾಂ. ಒಟ್ಟು ಧಾನ್ಯದ 15%. ಸಿಹಿ ಸ್ಟೌಟ್‌ಗೆ ಇದು ಜಾಸ್ತಿ. ಪ್ರಮಾಣಕ್ಕಿಂತ ದೊಡ್ಡ ಪ್ರಶ್ನೆ ಯಾವ ಕಾಳು ಅನ್ನುವುದು. ಹುರಿದ ಬಾರ್ಲಿ ಅಂದರೆ ಮೊಳಕೆ ಬರಿಸದೇ ಹುರಿದದ್ದು. ಚೂಪಾದ, ಒಣಕಾಫಿಯಂಥ ಕಹಿ ಅದರದ್ದು. ಐರ್ಲೆಂಡ್‌ನ ಡ್ರೈ ಸ್ಟೌಟ್‌ಗೆ ಅದೇ ಪ್ರಾಣ. ಬ್ಲ್ಯಾಕ್ ಪೇಟೆಂಟ್ ಅಂದರೆ ಮೊಳಕೆ ಬರಿಸಿ ಕಪ್ಪಾಗುವ ತನಕ ಹುರಿದ ಮಾಲ್ಟ್. 1817ರಲ್ಲಿ ಡೇನಿಯಲ್ ವೀಲರ್ ಅನ್ನುವವರು ಇಂಗ್ಲೆಂಡ್‌ನಲ್ಲಿ ಉರುಳೆಯಲ್ಲಿ ಹುರಿಯುವ ಯಂತ್ರಕ್ಕೆ ಪೇಟೆಂಟ್ ಪಡೆದರು, ಆ ಪೇಟೆಂಟೇ ಕಾಳಿನ ಹೆಸರಿಗೂ ಅಂಟಿಕೊಂಡಿತು. ಇದು ಜಾಸ್ತಿಯಾದರೆ ಇದ್ದಿಲು ಅಗಿದ ಹಾಗೆ. ಚಾಕೊಲೇಟ್ ಮಾಲ್ಟ್ ಸ್ವಲ್ಪ ಕಡಿಮೆ ಹುರಿದದ್ದು. ಅದರಲ್ಲೂ ಪೇಲ್ ಚಾಕೊಲೇಟ್ ಅನ್ನುವುದು ಇನ್ನೂ ಹದ. ಕೊನೆಯದು ಜರ್ಮನಿಯ ಬಾಂಬರ್ಗ್‌ನ ವೇಯರ್‌ಮನ್ ಕಂಪನಿಯ ಕರಾಫಾ ಸ್ಪೆಷಲ್. ಹುರಿಯುವ ಮುಂಚೆಯೇ ಸಿಪ್ಪೆ ತೆಗೆದಿರುತ್ತಾರೆ. ಒಗರು ಬಹುಮಟ್ಟಿಗೆ ಸಿಪ್ಪೆಯದ್ದು, ಹಾಗಾಗಿ ಬಣ್ಣ ಪೂರ್ತಿ ಬರುತ್ತದೆ, ಕಹಿ ಕಡಿಮೆ.

ಗೆಳೆಯರ ತಕರಾರು ಒಂದಿತ್ತು: "ಹುರಿದ ಬಾರ್ಲಿ ಇಲ್ಲದೆ ಸ್ಟೌಟ್ ಆಗುತ್ತಾ?" ತುಂಬಾ ಜನ ಹೀಗೆ ನಂಬಿದ್ದಾರೆ. ಚರಿತ್ರೆ ಇದಕ್ಕೆ ಸಾಕ್ಷಿ ಹೇಳುವುದಿಲ್ಲ. ಬ್ರಿಟನ್‌ನಲ್ಲಿ 1880ರ ತನಕ ತೆರಿಗೆ ಇದ್ದದ್ದು ಮಾಲ್ಟ್ ಮೇಲೆ. ಮೊಳಕೆ ಬರಿಸದ ಧಾನ್ಯ ಬಳಸಿ ಬಿಯರ್ ಮಾಡಲು ಅವಕಾಶವೇ ಇರಲಿಲ್ಲ. ಅಲ್ಲಿಯವರೆಗಿನ ಸ್ಟೌಟ್‌ಗಳೆಲ್ಲ ಕಾನೂನಿನ ಪ್ರಕಾರ ಮಾಲ್ಟ್‌ನಿಂದಲೇ ಆದವು.

ಯಾವ ಕಾಳು ಅಂತ ತೀರ್ಮಾನಿಸಲು ಅಂಗಡಿಯಿಂದ ಒಂದೊಂದು ಹಿಡಿ ತಂದರು. ಪೋರ್ಟ್‌ಲ್ಯಾಂಡ್‌ನವರಿಗೆ ಈ ವಿಷಯದಲ್ಲಿ ಅದೃಷ್ಟ ಇದೆ. 1918ರಲ್ಲಿ ಶುರುವಾದ ಸ್ಟೈನ್‌ಬಾರ್ಟ್ ಅಂಗಡಿ ಆ ಊರಿನದೇ. ಅಲ್ಲಿ ಕಾಳನ್ನು ಬಾಯಿಗೆ ಹಾಕಿ ನೋಡಿ ಕೊಳ್ಳಬಹುದು. ಮನೆಗೆ ಬಂದ ಮೇಲೆ ಪ್ರತಿಯೊಂದನ್ನೂ 15 ಗ್ರಾಂ ತೂಗಿ, ಮಿಕ್ಸಿಯಲ್ಲಿ ತರಿತರಿಯಾಗಿ ಪುಡಿ ಮಾಡಿ, 70 ಡಿಗ್ರಿ ಬಿಸಿಯ ಕಾಲು ಲೀಟರ್ ನೀರಲ್ಲಿ ಕಾಲು ಗಂಟೆ ನೆನೆಸಿದರು. ಸೋಸಿದ್ದು ಊರಿಂದ ತಂದಿದ್ದ ಸ್ಟೀಲ್ ಕಾಫಿ ಫಿಲ್ಟರ್‌ನಲ್ಲಿ. ನಾಲ್ಕು ಲೋಟ ಕಪ್ಪು ನೀರು. ನೋಡಲು ಎಲ್ಲ ಒಂದೇ ಥರ, ಕುಡಿದರೆ ಒಂದಕ್ಕೊಂದು ಸಂಬಂಧವೇ ಇಲ್ಲ. ಬ್ಲ್ಯಾಕ್ ಪೇಟೆಂಟ್ ಗುಟುಕಿಗೆ ಮುಖ ಹಿಂಡಿತು. ಹುರಿದ ಬಾರ್ಲಿ ಡಿಕಾಕ್ಷನ್‌ನಂತೆ ನೇರ ಕಹಿ, ಹಿಂದೆ ಒಂದು ಹುಳಿ. ಪೇಲ್ ಚಾಕೊಲೇಟ್‌ನಲ್ಲಿ ಕೋಕೋ, ಸುಟ್ಟ ಬ್ರೆಡ್ಡಿನ ಅಂಚು. ಕರಾಫಾ ಸ್ಪೆಷಲ್‌ನಲ್ಲಿ ರುಚಿಯೇ ಮಿತ, ಬಣ್ಣ ಮಾತ್ರ ಮಸಿ. ಅಲ್ಲಿಗೆ ಮಾತು ಮುಗಿಯಿತು. ಪೇಲ್ ಚಾಕೊಲೇಟ್ 300 ಗ್ರಾಂ, ಕರಾಫಾ ಸ್ಪೆಷಲ್ 150 ಗ್ರಾಂ. ಹುರಿದ ಬಾರ್ಲಿ, ಬ್ಲ್ಯಾಕ್ ಪೇಟೆಂಟ್ ಎರಡೂ ಔಟ್.

ಯಾವ ಕಾಳಿನದಾದರೂ ಸರಿ, ಕೊಳ್ಳುವ ಮುಂಚೆ ಈ ಡಿಕಾಕ್ಷನ್ ಪರೀಕ್ಷೆ ಮಾಡಿ ನೋಡಿ. ಚೀಲದ ಮೇಲಿನ ಬಣ್ಣದ ನಂಬರಿಗಿಂತ ಇದು ಜಾಸ್ತಿ ಹೇಳುತ್ತದೆ.

ಬುನಾದಿ ಮಾಲ್ಟ್ ಸಾದಾ ಪೇಲ್ ಬದಲು ಮ್ಯಾರಿಸ್ ಆಟರ್ ಆಯಿತು, 3.2 ಕೆಜಿ. 1960ರ ದಶಕದಲ್ಲಿ ಕೇಂಬ್ರಿಜ್‌ನ ಸಸ್ಯ ತಳಿ ಸಂಸ್ಥೆಯಿಂದ ಬಂದ ಇಂಗ್ಲಿಷ್ ಬಾರ್ಲಿ ತಳಿ ಅದು. ಬಿಸ್ಕತ್ತಿನ ಘಮ ಸ್ವಲ್ಪ ಇರುತ್ತದೆ. ಬೆಲೆ ಜಾಸ್ತಿ. ಸಾದಾ ಪೇಲ್ ಹಾಕಿದರೂ ಯಾರೂ ಸಾಯುವುದಿಲ್ಲ. ಕ್ರಿಸ್ಟಲ್ ಮಾಲ್ಟ್ 120ರ ಬದಲು 60ರ ನಂಬರಿನದು, 300 ಗ್ರಾಂ. ಗಾಢ ಕ್ರಿಸ್ಟಲ್‌ನಲ್ಲಿ ಒಣದ್ರಾಕ್ಷಿಯ ಜೊತೆ ಸೀದ ಸಕ್ಕರೆಯ ಕಹಿಯೂ ಇರುತ್ತದೆ. 60ರದ್ದು ಬರೀ ಕ್ಯಾರಮೆಲ್. ಓಟ್ಸ್ 350 ಗ್ರಾಂ ಹೊಸದಾಗಿ ಸೇರಿತು. ದಿನಸಿ ಅಂಗಡಿಯ ಮಾಮೂಲಿ ರೋಲ್ಡ್ ಓಟ್ಸ್ ಸಾಕು, ಆವಿಯಲ್ಲಿ ಬೇಯಿಸಿ ಒತ್ತಿರುವುದರಿಂದ ಬೇರೆ ಬೇಯಿಸಬೇಕಿಲ್ಲ. ಉಪ್ಪು, ಸುವಾಸನೆ ಸೇರಿಸಿದ ಪೊಟ್ಟಣ ಮಾತ್ರ ಬೇಡ. ಓಟ್ಸ್ ನುಣುಪು ಕೊಡುತ್ತದೆ, ಲ್ಯಾಕ್ಟೋಸ್‌ನ ಹೊರೆ ಇಳಿಸುತ್ತದೆ.

ಯೀಸ್ಟ್ ವಿಷಯಕ್ಕೆ ಬಂದರೆ, ಯುಎಸ್-05 ಒಳ್ಳೆಯದೇ, ಆದರೆ ಹೊಟ್ಟೆಬಾಕ. ಮಾಲ್ಟ್ ಸಕ್ಕರೆಯಲ್ಲಿ 80%ರ ಹತ್ತಿರ ತಿಂದು ಹಾಕುತ್ತದೆ. ನಮಗೆ ಬೇಕಾದದ್ದು ಸ್ವಲ್ಪ ಬಿಟ್ಟು ಏಳುವ ಇಂಗ್ಲಿಷ್ ಯೀಸ್ಟ್. ಮೂರು ಹೆಸರು ಮುಂದಿದ್ದವು. ಲ್ಯಾಲೆಮಂಡ್‌ನ ವಿಂಡ್ಸರ್, ವೈಟ್ ಲ್ಯಾಬ್ಸ್‌ನ ಡಬ್ಲ್ಯುಎಲ್‌ಪಿ002, ಫರ್ಮೆಂಟಿಸ್‌ನ ಎಸ್-04. ವಿಂಡ್ಸರ್ ಮಾಲ್ಟೋಟ್ರಯೋಸ್ ಅನ್ನುವ ಸಕ್ಕರೆಯನ್ನು ಮುಟ್ಟುವುದೇ ಇಲ್ಲ. ಮಾಲ್ಟ್ ರಸದಲ್ಲಿ ಅದು ಗಣನೀಯವಾಗಿ ಇರುತ್ತದೆ, ಹಾಗಾಗಿ ಬಿಯರ್ ತಾನಾಗಿ ಸಿಹಿ ಉಳಿಯುತ್ತದೆ. ಕೇಳಲು ಚೆಂದ. ಆದರೆ ಲ್ಯಾಕ್ಟೋಸ್, ಕ್ರಿಸ್ಟಲ್, ಓಟ್ಸ್ ಎಲ್ಲದರ ಮೇಲೆ ವಿಂಡ್ಸರ್ ಕೂಡ ಸೇರಿದರೆ ಕೊನೆಯ ಗ್ರ್ಯಾವಿಟಿ 1.025 ದಾಟಿ ಪಾನಕ ಆಗಿಬಿಡುತ್ತದೆ. ಲ್ಯಾಕ್ಟೋಸ್ ಬೇಡ ಅನ್ನುವವರಿಗೆ ವಿಂಡ್ಸರ್ ಸರಿ. ಡಬ್ಲ್ಯುಎಲ್‌ಪಿ002 ನನಗೆ ಎಲ್ಲಕ್ಕಿಂತ ಇಷ್ಟ, 63ರಿಂದ 70% ತಿಂದು ಗಡ್ಡೆಗಟ್ಟಿ ತಳಕ್ಕೆ ಕೂರುತ್ತದೆ. ಆದರೆ ಅದು ದ್ರವ ಯೀಸ್ಟ್, ತಾಜಾ ಸಿಗಬೇಕು, ತಣ್ಣಗೆ ತರಬೇಕು. ಕೊನೆಗೆ ಎಸ್-04 ಒಣ ಯೀಸ್ಟ್ ಆಯ್ಕೆ ಆಯಿತು. ಅದು 75%ರ ಆಸುಪಾಸು. ಉಳಿದ ಕೆಲಸವನ್ನು ಮ್ಯಾಶ್‌ನ, ಅಂದರೆ ಧಾನ್ಯವನ್ನು ಬಿಸಿನೀರಲ್ಲಿ ನೆನೆಸುವ ಹಂತದ, ಬಿಸಿಯ ಮೇಲೆ ಹಾಕಿದ್ದು. 64 ಡಿಗ್ರಿಯಲ್ಲಿ ಧಾನ್ಯ ನೆನೆಸಿದರೆ ಯೀಸ್ಟ್‌ಗೆ ಸುಲಭದ ಸಕ್ಕರೆ ಹೆಚ್ಚು ಹುಟ್ಟುತ್ತದೆ. 68ರಲ್ಲಿ ನೆನೆಸಿದರೆ ಯೀಸ್ಟ್ ತಿನ್ನಲಾಗದ ಉದ್ದ ಸರಪಳಿಗಳು ಹೆಚ್ಚು ಉಳಿಯುತ್ತವೆ. 68 ಅಂತ ಬರೆದುಕೊಂಡರು.

ಹಾಪ್ಸ್ ಬಗ್ಗೆ ಹೇಳಲು ಹೆಚ್ಚಿಲ್ಲ. ಮ್ಯಾಗ್ನಮ್ ಬದಲು ವಿಲಾಮೆಟ್. ಇಂಗ್ಲೆಂಡ್‌ನ ಫಗಲ್ ಹಾಪ್ಸ್‌ನಿಂದ ಆರೆಗಾನ್‌ನಲ್ಲೇ ಬೆಳೆಸಿದ ತಳಿ, 1976ರಲ್ಲಿ ಬಿಡುಗಡೆಯಾದದ್ದು. ಒಂದು ಗಂಟೆಯ ಕುದಿಯ ಶುರುವಿನಲ್ಲಿ ಒಂದೇ ಸಲ, ಕಹಿ ಕೊಡುವ ಆಲ್ಫಾ ಆಮ್ಲ 5% ಇದ್ದರೆ 45 ಗ್ರಾಂ, ಸುಮಾರು 25 ಐಬಿಯು. ಕೊನೆಯಲ್ಲಿ ಘಮಕ್ಕೆ ಅಂತ ಹಾಕುವುದು ಬೇಡ. ಸೊಪ್ಪಿನ, ಹೂವಿನ ವಾಸನೆ ಈ ಬಿಯರ್‌ನಲ್ಲಿ ದಾರಿ ತಪ್ಪಿ ಬಂದವರ ಹಾಗೆ ನಿಲ್ಲುತ್ತದೆ.

ನೀರನ್ನು ಯಾರೂ ಸಾಮಾನು ಪಟ್ಟಿಯಲ್ಲಿ ಬರೆಯುವುದಿಲ್ಲ. 19 ಲೀಟರಿನಲ್ಲಿ ಬಹುಪಾಲು ಅದೇ. ಪೋರ್ಟ್‌ಲ್ಯಾಂಡ್‌ಗೆ ನೀರು ಬರುವುದು ಬುಲ್ ರನ್ ಕಾಡಿನಿಂದ. ಬೆಂಗಳೂರಿನ ಬೋರ್‌ವೆಲ್ ನೀರು ಕುಡಿದು ಬೆಳೆದವರಿಗೆ ಅದು ನೀರೇ ಅಲ್ಲ ಅನ್ನಿಸುವಷ್ಟು ಮೆದು. ಪಿಲ್ಸ್‌ನರ್ ಮಾಡಲು ಹೇಳಿ ಮಾಡಿಸಿದ್ದು. ಸ್ಟೌಟ್‌ಗೆ ತೊಂದರೆ. ಹುರಿದ ಕಾಳುಗಳಿಗೆ ಆಮ್ಲದ ಗುಣ ಇದೆ. ನೀರಲ್ಲಿ ಅದನ್ನು ತಡೆಯುವ ಕ್ಷಾರ ಇಲ್ಲದಿದ್ದರೆ ಮ್ಯಾಶ್ ಪಿಎಚ್ 5.2ಕ್ಕಿಂತ ಕೆಳಗೆ ಜಾರುತ್ತದೆ, ಹುರಿದ ರುಚಿ ಚೂಪಾಗಿ ಹುಳಿ ಹುಳಿ ಆಗುತ್ತದೆ. ಗೆಳೆಯರ ಹಳೆಯ ಸ್ಟೌಟ್‌ಗಳ ಒಗರಿಗೆ ಇದೂ ಒಂದು ಕಾರಣ ಅಂತ ನನ್ನ ಅನುಮಾನ. ಒಳ್ಳೆಯ ಪೇಲ್ ಏಲ್ ಮಾಡುವ ಅದೇ ಕೈ, ಅದೇ ನೀರು, ಸ್ಟೌಟ್‌ನಲ್ಲಿ ಮಾತ್ರ ಸೋಲುತ್ತಿತ್ತು ಅಂದರೆ ಮೊದಲು ಇಲ್ಲೇ ನೋಡಬೇಕು. 25 ಲೀಟರ್ ನೀರಿಗೆ 2 ಗ್ರಾಂ ಅಡುಗೆ ಸೋಡಾ, 4 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬಿತ್ತು. ಸೋಡಾ ಪಿಎಚ್ ಏರಿಸಲು. ಕ್ಲೋರೈಡ್ ಬಾಯಿಗೆ ದುಂಡಗೆ ಅನ್ನಿಸಲು. ಜಿಪ್ಸಂ ಹಾಕಬೇಡಿ, ಸಲ್ಫೇಟ್ ಕಹಿಯನ್ನು ಎದ್ದು ಕಾಣುವ ಹಾಗೆ ಮಾಡುತ್ತದೆ. ಆ ಊರಿನ ನೀರಿಗೆ ಕ್ರಿಮಿ ಕೊಲ್ಲಲು ಕ್ಲೋರಮಿನ್ ಬೆರೆಸುತ್ತಾರೆ. ಅದು ಕುದಿಸಿದರೆ ಸುಲಭಕ್ಕೆ ಹೋಗುವುದಿಲ್ಲ, ಬಿಯರ್‌ಗೆ ಆಸ್ಪತ್ರೆ ವಾಸನೆ ತರುತ್ತದೆ. ಅದನ್ನು ತೆಗೆಯುವ ಕ್ಯಾಂಪ್ಡನ್ ಮಾತ್ರೆ ಅರ್ಧ ಪುಡಿ ಮಾಡಿ ಹಾಕಿದರೆ ಆಯಿತು.

ಕಾಫಿ ಪುಡಿ ಬಗ್ಗೆ ಸ್ವಲ್ಪ ವಾದ ನಡೆಯಿತು. ಊರಿನ ಕಾಫಿ ಅಂದರೆ ಅಭಿಮಾನ ಇರುತ್ತದೆ, ನನಗೂ ಇದೆ. ಆದರೆ ಕಾಫಿ ತರುವುದು ಮತ್ತದೇ ಹುರಿದ ಕಹಿ, ಚಿಕೋರಿ ಸೇರಿದರೆ ಇನ್ನೊಂದಿಷ್ಟು. ಒಂದು ಕಡೆ ಕಹಿ ತೆಗೆದು ಇನ್ನೊಂದು ಕಡೆ ತುಂಬುವುದು ಯಾಕೆ? ಮೊದಲು ಬಿಯರ್ ತನ್ನ ಕಾಲ ಮೇಲೆ ನಿಲ್ಲಲಿ, ಕಾಫಿ ಬೇಕಾದರೆ ಕೊನೆಗೆ ಒಂದೆರಡು ಬಾಟಲಿಗೆ ತಣ್ಣನೆ ಡಿಕಾಕ್ಷನ್ ಸೇರಿಸಿ ನೋಡೋಣ ಅಂತ ರಾಜಿ ಆಯಿತು.

ಈಗ ಲ್ಯಾಕ್ಟೋಸ್ ಎಷ್ಟು? ಅಂಗಡಿಯಲ್ಲಿ 454 ಗ್ರಾಂ ಪೊಟ್ಟಣ ಸಿಗುತ್ತದೆ. ಹೆಚ್ಚಿನವರು ಇಡೀ ಪೊಟ್ಟಣ ಸುರಿದು ಕೈತೊಳೆದುಕೊಳ್ಳುತ್ತಾರೆ. ಅದಕ್ಕಿಂತ ಒಳ್ಳೆಯ ದಾರಿ ಇದೆ. ಯೀಸ್ಟ್ ಇದನ್ನು ತಿನ್ನುವುದಿಲ್ಲ ಅಂದ ಮೇಲೆ ಎಲ್ಲವನ್ನೂ ಮೊದಲೇ ಹಾಕಬೇಕು ಅಂತೇನೂ ಇಲ್ಲವಲ್ಲ. ಕುದಿಯ ಕೊನೆಯ ಹತ್ತು ನಿಮಿಷ ಇರುವಾಗ 300 ಗ್ರಾಂ ಹಾಕುವುದು, ಉರಿ ಆರಿಸಿ ಚೆನ್ನಾಗಿ ತಿರುವುವುದು, ಇಲ್ಲದಿದ್ದರೆ ತಳ ಹಿಡಿಯುತ್ತದೆ. ಮಿಕ್ಕ 150 ಗ್ರಾಂ ಎತ್ತಿಟ್ಟುಕೊಂಡು, ಬಾಟಲಿಗೆ ತುಂಬುವ ದಿನ ರುಚಿ ನೋಡಿ ತೀರ್ಮಾನಿಸುವುದು.

ಇನ್ನೊಂದು ಎಚ್ಚರಿಕೆ ಕನ್ನಡಿಗರಿಗೆ ಬೇಗ ಅರ್ಥವಾಗುತ್ತದೆ. ಹಾಲು ಮೊಸರಾಗುವುದು ಲ್ಯಾಕ್ಟೋಸ್ ತಿನ್ನುವ ಬ್ಯಾಕ್ಟೀರಿಯಾದಿಂದ. ಅದರ ಬಳಗದವರು ಡಬ್ಬ, ಪೈಪು, ನಲ್ಲಿಯಲ್ಲಿ ಉಳಿದಿದ್ದರೆ ಯೀಸ್ಟ್ ಬಿಟ್ಟ ಲ್ಯಾಕ್ಟೋಸ್ ಅವರಿಗೆ ಹಬ್ಬ. ಹಾಪ್ಸ್‌ನ ಕಹಿ ಇಂಥ ಬ್ಯಾಕ್ಟೀರಿಯಾವನ್ನು ಒಂದಿಷ್ಟು ತಡೆಯುತ್ತದೆ, ಈ ಬಿಯರ್‌ನಲ್ಲಿ ಅದೂ ಕಡಿಮೆ. ತೊಳೆಯುವುದರಲ್ಲಿ ಜಿಪುಣತನ ಬೇಡ.

ಕುದಿಸುವ ದಿನ ದೊಡ್ಡ ಗಲಾಟೆ ಏನೂ ಆಗಲಿಲ್ಲ. ಚೀಲದಲ್ಲಿ ಧಾನ್ಯ ಕಟ್ಟಿ ಒಂದೇ ಪಾತ್ರೆಯಲ್ಲಿ ಮಾಡುವ ಕ್ರಮ ಅವರದ್ದು. ಓಟ್ಸ್‌ನಿಂದಾಗಿ ಚೀಲ ಅಂಟಾಗಿ ರಸ ಇಳಿಯಲು ಹೊತ್ತು ಹಿಡಿಯಿತು. ಮ್ಯಾಶ್ ಪಿಎಚ್ 5.45 ಬಂತು. ಶುರುವಿನ ಗ್ರ್ಯಾವಿಟಿ 1.052. 19 ಡಿಗ್ರಿಯಲ್ಲಿ ಹುದುಗಲು ಬಿಟ್ಟರು.

ಗ್ರ್ಯಾವಿಟಿ 1.019ಕ್ಕೆ ಬಂದು ನಿಂತಾಗ ಗೆಳೆಯರಿಗೆ ಗಾಬರಿ. ಯೀಸ್ಟ್ ಸತ್ತಿತಾ, ಇನ್ನೊಂದು ಪೊಟ್ಟಣ ಹಾಕಲಾ ಅಂತ ಮೆಸೇಜ್ ಮೇಲೆ ಮೆಸೇಜ್. ಹಾಕಬಾರದು. 0.001ಕ್ಕೆ ಒಂದು ಅಂಕ ಅಂತ ಲೆಕ್ಕ ಹಾಕಿದರೆ ಆ 19ರಲ್ಲಿ 5 ಅಂಕ ಲ್ಯಾಕ್ಟೋಸ್‌ನದೇ, ಅದು ಯಾವತ್ತೂ ಇಳಿಯುವುದಿಲ್ಲ. ಅದನ್ನು ಕಳೆದರೆ ಮಾಲ್ಟ್ ಭಾಗ 47ರಿಂದ 14ಕ್ಕೆ ಇಳಿದಿದೆ, ಅಂದರೆ 70%. ಎಸ್-04, 68 ಡಿಗ್ರಿ ಮ್ಯಾಶ್‌ಗೆ ಇದು ಸರಿಯಾದ ಜಾಗ. ಮೂರು ದಿನ ಸತತವಾಗಿ ಅಳೆದು ನಂಬರು ಕದಲದಿದ್ದರೆ ಮುಗಿಯಿತು ಅಂತ ಅರ್ಥ. ಕದಲಲಿಲ್ಲ. ಆಲ್ಕೋಹಾಲ್ 4.3%ರ ಹತ್ತಿರ.

ಬಾಟಲಿ ತುಂಬುವ ದಿನ ಮತ್ತೆ ಲೋಟದ ಪರೀಕ್ಷೆ, ಈ ಸಲ ಸ್ವಂತ ಬಿಯರ್ ಮೇಲೆ. 100 ಮಿಲಿಗೆ ಏನೂ ಹಾಕದ್ದು, ಅರ್ಧ ಗ್ರಾಂ, 0.8 ಗ್ರಾಂ. ಗಿನ್ನೆಸ್‌ನಲ್ಲಿ ಒಂದೂವರೆ ಗ್ರಾಂ ಗೊತ್ತೇ ಆಗಿರಲಿಲ್ಲ. ಇಲ್ಲಿ ಅರ್ಧ ಗ್ರಾಂ ವ್ಯತ್ಯಾಸವೂ ಕಂಡಿತು, ಯಾಕೆಂದರೆ ಅದನ್ನು ಮುಚ್ಚುವ ಕಹಿ ಇರಲಿಲ್ಲ. ಅರ್ಧ ಗ್ರಾಂ ಲೋಟವೇ ಗೆದ್ದಿತು. ಹಾಗಾಗಿ 100 ಗ್ರಾಂ ಲ್ಯಾಕ್ಟೋಸನ್ನು ಕುದಿಯುವ ನೀರಲ್ಲಿ ಕರಗಿಸಿ, ಗ್ಯಾಸ್ ಹುಟ್ಟಲು ಬೇಕಾದಷ್ಟೇ ತೂಗಿದ 95 ಗ್ರಾಂ ಡೆಕ್ಸ್ಟ್ರೋಸ್ ಸಕ್ಕರೆಯ ಜೊತೆ ಸೇರಿಸಿ, ಬೆರೆಸಿದರು. ಉಳಿದ 50 ಗ್ರಾಂ ಡಬ್ಬಿಯಲ್ಲೇ ಉಳಿಯಿತು. ಸ್ಟೌಟ್‌ಗೆ ಗ್ಯಾಸ್ ಕಡಿಮೆ ಇದ್ದಷ್ಟೂ ಚೆನ್ನ, ಗುಳ್ಳೆ ಜಾಸ್ತಿಯಾದರೆ ಸಿಹಿ ಮತ್ತೆ ಹಿಂದೆ ಸರಿಯುತ್ತದೆ.

ಬಂದ ಬಿಯರ್ ಕಡು ಕಂದು, ಬೆಳಕಿಗೆ ಹಿಡಿದರೆ ಅಂಚಲ್ಲಿ ಮಾಣಿಕ್ಯದ ಕೆಂಪು. ಕೋಕೋ, ಕ್ಯಾರಮೆಲ್, ಕೊನೆಯಲ್ಲಿ ಸಣ್ಣದಾಗಿ ಕಾಫಿ. ಸಿಹಿ ಇದೆ, ಕಾಟ ಕೊಡುವುದಿಲ್ಲ. ನನ್ನ ಒಂದು ತಕರಾರು ಇದ್ದೇ ಇದೆ. ಹುರಿದ ರುಚಿ ತುಸು ಹೆಚ್ಚೇ ಸಾಧು ಆಯಿತು. ಕರಾಫಾ ಸ್ಪೆಷಲ್‌ನಲ್ಲಿ 50 ಗ್ರಾಂ ಕಡಿಮೆ ಮಾಡಿ ಅಷ್ಟೇ ಹುರಿದ ಬಾರ್ಲಿ ವಾಪಸ್ ತಂದರೆ ಬೆನ್ನೆಲುಬು ಬರುತ್ತದೆ ಅನ್ನಿಸುತ್ತದೆ. ಗೆಳೆಯರು ಒಪ್ಪಿಲ್ಲ. ಅವರಿಗೆ ಇದೇ ಸರಿ. ಡಿಕಾಕ್ಷನ್ ಬೆರೆಸಿದ ಬಾಟಲಿಯೂ ಅವರಿಗೆ ಮಾತ್ರ ಹಿಡಿಸಿತು.

ಹಂಚುವಾಗ ಒಂದು ವಿಷಯ ಮೇಲೆ ಬಂತು. ಅವರ ಬಳಗದಲ್ಲಿ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು ಇದ್ದರು. ಈ ಬಿಯರ್‌ನಲ್ಲಿ ಲೀಟರಿಗೆ ಸುಮಾರು 21 ಗ್ರಾಂ ಲ್ಯಾಕ್ಟೋಸ್. ಒಂದು 350 ಮಿಲಿ ಬಾಟಲಿಗೆ 7 ಗ್ರಾಂಗಿಂತ ಸ್ವಲ್ಪ ಜಾಸ್ತಿ, ಅಂದರೆ ಒಂದೂವರೆ ನೂರು ಮಿಲಿ ಹಾಲಿನಷ್ಟು. ನಮ್ಮ ಕಡೆಯವರಲ್ಲಿ ತುಂಬಾ ಜನಕ್ಕೆ ತಮಗೆ ಲ್ಯಾಕ್ಟೋಸ್ ಆಗುವುದಿಲ್ಲ ಅಂತ ಗೊತ್ತೇ ಇರುವುದಿಲ್ಲ. ದಿನಾ ತಿನ್ನುವುದು ಮೊಸರು, ಮಜ್ಜಿಗೆ. ಅದರಲ್ಲಿ ಬ್ಯಾಕ್ಟೀರಿಯಾ ಒಂದು ಪಾಲು ಲ್ಯಾಕ್ಟೋಸನ್ನು ಮೊದಲೇ ತಿಂದಿರುತ್ತದೆ. ಕಾಫಿಗೆ ಬೀಳುವ ಹಾಲು ಕಡಿಮೆ. ಸಿಹಿ ಸ್ಟೌಟ್ ಎರಡು ಬಾಟಲಿ ಇಳಿದ ರಾತ್ರಿ ಗೊತ್ತಾಗುತ್ತದೆ. ಅಂಥವರು ಲ್ಯಾಕ್ಟೋಸ್ ಒಡೆಯುವ ಕಿಣ್ವದ, ಅಂದರೆ ಲ್ಯಾಕ್ಟೇಸ್ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳಬಹುದು, ಬಿಯರ್‌ಗೆ ಹಾಕಬಾರದು. ಬಾಟಲಿಯೊಳಗೆ ಲ್ಯಾಕ್ಟೋಸ್ ಒಡೆದು ಗ್ಲುಕೋಸ್ ಆದರೆ ಯೀಸ್ಟ್ ಮತ್ತೆ ಕೆಲಸ ಶುರು ಮಾಡುತ್ತದೆ, ಬಾಟಲಿ ಸಿಡಿಯುತ್ತದೆ. ಹಾಲಿನ ಅಲರ್ಜಿ ಇರುವವರಿಗೆ ಮಾತ್ರೆಯೂ ಕೆಲಸಕ್ಕೆ ಬರುವುದಿಲ್ಲ, ಅವರು ಮುಟ್ಟದಿರುವುದೇ ಸರಿ. ವೀಗನ್ ಆದವರಿಗೂ ಇದು ಆಗುವುದಿಲ್ಲ.

ಹಾಲಿನ ತೊಂದರೆ ಇರುವವರಿಗೆ ಅಂತಲೇ ಗೆಳೆಯರು ಈಗ ಇನ್ನೊಂದು ಪಟ್ಟಿ ಬರೆಯುತ್ತಿದ್ದಾರೆ. ಲ್ಯಾಕ್ಟೋಸ್ ಪೂರ್ತಿ ಇಲ್ಲ. ಧಾನ್ಯ ಅದೇ, ಕಹಿ 22 ಐಬಿಯುಗೆ ಇಳಿಸಿದ್ದು, ಯೀಸ್ಟ್ ವಿಂಡ್ಸರ್. ಶ್ರೀಲಂಕಾದ ಲಯನ್ ಸ್ಟೌಟ್‌ನಂಥ ಉಷ್ಣವಲಯದ ಸ್ಟೌಟ್‌ಗಳು ಲ್ಯಾಕ್ಟೋಸ್ ಇಲ್ಲದೆಯೂ ಸಿಹಿಯಾಗಿರುತ್ತವೆ ಅನ್ನುವುದು ಅವರಿಗೆ ಧೈರ್ಯ. ಲಯನ್ 8% ದಾಟಿದ ಗಟ್ಟಿ ಬಿಯರ್, ಇವರದ್ದು ನಾಲ್ಕೂವರೆಯದ್ದು, ಅಷ್ಟು ಮೈ ಎಲ್ಲಿಂದ ಬರಬೇಕು ಅಂತ ನಾನು ಕೇಳಿದ್ದೇನೆ. ಓಟ್ಸ್ ಅರ್ಧ ಕೆಜಿಗೆ ಏರಿಸಿ, ಮ್ಯಾಶ್ 69ಕ್ಕೆ ಒಯ್ಯುತ್ತೇನೆ ಅನ್ನುತ್ತಾರೆ. ಬೆಲ್ಲದ ಸಾಲು ಮಾತ್ರ ಈ ಪಟ್ಟಿಯಲ್ಲೂ ಬಂದಿತ್ತು, 100 ಗ್ರಾಂ, "ಬರೀ ಘಮಕ್ಕೆ" ಅಂತ. ಘಮಕ್ಕಾದರೆ ಇರಲಿ ಬಿಡಿ ಅಂದಿದ್ದೇನೆ.